ಡಿಸ್ಟ್ರಿಬ್ಯೂಟರು ಊರಲ್ಲಿಲ್ಲ

ಮುಖದ ತುಂಬ ನೊರೆ ಇದ್ದು, ಕೊರಳ ಮೇಲೆ ಕತ್ತಿ ಆಡುತ್ತಿರುವಾಗ ಬೆಲೆಯ ಮಾತು ಎತ್ತಬಾರದು. ವ್ಯಾಪಾರ ಕಲಿಸುವ ಯಾವ ಪುಸ್ತಕದಲ್ಲೂ ಈ ನಿಯಮ ಇಲ್ಲ. ಡೈರೆಕ್ಟರು ಇದನ್ನು ಸ್ವಂತ ಕೊರಳನ್ನೇ ಒಡ್ಡಿ ಕಂಡುಹಿಡಿದರು.

ಬೀದಿಯವರೆಲ್ಲ ಅವರನ್ನು ಡೈರೆಕ್ಟರು ಎಂದು ಕರೆಯುತ್ತಿದ್ದುದು ಅವರ ವಿಸಿಟಿಂಗ್ ಕಾರ್ಡಿನ ದೆಸೆಯಿಂದ. ಅದರಲ್ಲಿ ‘ಮ್ಯಾನೇಜಿಂಗ್ ಡೈರೆಕ್ಟರ್’ ಎಂದು ಚಿನ್ನದ ಬಣ್ಣದಲ್ಲಿ ಅಚ್ಚಾಗಿತ್ತು. ಮ್ಯಾನೇಜ್ ಮಾಡಲು ಆ ಕಂಪನಿಯಲ್ಲಿ ಇನ್ನೊಂದು ನರಪಿಳ್ಳೆಯೂ ಇಲ್ಲ ಎಂಬುದು ಅಚ್ಚಾಗಿರಲಿಲ್ಲ. ಹನ್ನೊಂದು ವರ್ಷ ಒಂದು ವಿಮಾ ಕಚೇರಿಯ ದೂರು ವಿಭಾಗದಲ್ಲಿ ಕೂತು, ಜನರ ಬೈಗುಳಕ್ಕೆ ನಂಬರು ಹಾಕಿ ಫೈಲು ಮಾಡಿದ ಮೇಲೆ ಅವರು ಸಲೂನುಗಳಿಗಾಗಿ ಒಂದು ಸಾಫ್ಟ್‌ವೇರ್ ಬರೆದಿದ್ದರು. ಅದರ ಹೆಸರು ‘ಮುಂದಿನವರು’. ಈಗ ಯಾರ ಸರದಿ, ಹೋದ ಸಲ ಯಾವ ಕಟಿಂಗ್, ಯಾರಿಗೆ ಯಾವ ಕ್ರೀಮು ಹಚ್ಚಿದರೆ ತುರಿಕೆ ಏಳುತ್ತದೆ, ಎಲ್ಲ ಅದಕ್ಕೆ ನೆನಪಿರುತ್ತಿತ್ತು. ಸರದಿ ಬಂದಾಗ ‘ಮುಂದಿನವರು ಬನ್ನಿ’ ಎಂದು ಅದೇ ಕೂಗುತ್ತಲೂ ಇತ್ತು.

ಸಾಫ್ಟ್‌ವೇರ್ ಬರೆಯಲು ಹಿಡಿದದ್ದು ನಾಲ್ಕು ತಿಂಗಳು. ಅದಕ್ಕೆ ಬೆಲೆ ಕಟ್ಟಲು ಹಿಡಿದದ್ದು ಐದು. ಅಂಗಡಿಗೆ ಇಷ್ಟು ಎಂದರೆ ದೊಡ್ಡ ಅಂಗಡಿಯವನಿಗೆ ಲಾಭ. ಗಿರಾಕಿಗೆ ಇಷ್ಟು ಎಂದರೆ ಸಲೂನಿನವರು ಗಿರಾಕಿಗಳನ್ನು ಹಿತ್ತಲ ಬಾಗಿಲಿನಿಂದ ಕರೆಸಿಕೊಂಡಾರು. ಕೊನೆಗೆ ಲೈಸೆನ್ಸು ಕುರ್ಚಿಯ ಮೇಲೆ ನಿಂತಿತು: ಒಂದು ಕುರ್ಚಿಗೆ ತಿಂಗಳಿಗೆ ನೂರು. ಕುರ್ಚಿಯನ್ನು ಯಾರೂ ಬಚ್ಚಿಡಲಾರರು ಎಂಬುದು ಡೈರೆಕ್ಟರ ನಂಬಿಕೆ.

ಇದಕ್ಕೆಲ್ಲ ಕಚೇರಿಯಿಂದ ಒಂದು ವರ್ಷ ಸಂಬಳವಿಲ್ಲದ ರಜೆ ಸಿಕ್ಕಿತ್ತು. ಕೊಡಿಸಿದವರು ಮಾವ. ಅವರು ಅದೇ ಕಚೇರಿಯ ದೊಡ್ಡ ಹುದ್ದೆಯಿಂದ ನಿವೃತ್ತರಾಗಿ, ಈಗ ಮಗಳು ಅಳಿಯನ ಮನೆಯ ಮಹಡಿಯಲ್ಲಿದ್ದರು. ಅವರ ಷರತ್ತು ಒಂದೇ. ವರ್ಷ ಮುಗಿಯುವುದರೊಳಗೆ ನೂರು ಕುರ್ಚಿಗಳು ಈ ಸಾಫ್ಟ್‌ವೇರಿನಲ್ಲಿ ಓಡಬೇಕು. ಇಲ್ಲವಾದರೆ ಅಳಿಯ ತುಟಿ ಪಿಟಕ್ಕೆನ್ನದೆ ದೂರು ವಿಭಾಗಕ್ಕೆ ವಾಪಸು ಹೋಗಬೇಕು. ಆಗಲೇ ಹತ್ತು ತಿಂಗಳು ಕಳೆದಿತ್ತು. ನಾಲ್ಕು ಕುರ್ಚಿ ಆಗಿದ್ದವು. ಅದರಲ್ಲಿ ಒಂದು ಮುರಿದಿತ್ತು.

ಹೀಗಿರುವಾಗ ಡೈರೆಕ್ಟರು ಬೀದಿ ಮೂಲೆಯ ಸಲೂನಿಗೆ ಹೋಗಿ ಕೂತರು. ಅಲ್ಲಿದ್ದುದು ಮೂರು ಕುರ್ಚಿ.

“ನೂರು ಜಾಸ್ತಿ ಆಯ್ತು ಡೈರೆಕ್ಟ್ರೇ,” ಎಂದರು ಸಲೂನಿನ ಯಜಮಾನರು, ಕತ್ತಿ ಮಸೆಯುತ್ತ. “ಮತ್ತೆ ಆ ಮೂರನೇ ಕುರ್ಚಿ ಲೆಕ್ಕಕ್ಕೆ ಹಿಡೀಬೇಡಿ. ಅದರ ಮೇಲೆ ಯಾರೂ ಕೂರಲ್ಲ.”

“ನಾನೀಗ ಅದರ ಮೇಲೇ ಕೂತಿದ್ದೀನಲ್ಲ.”

“ನಿಮ್ಮನ್ನ ಮಾತ್ರ ಕೂರಿಸೋದು. ಐವತ್ತು ಮಾಡಿ. ಸ್ವಲ್ಪ ತಲೆ ಎತ್ತಿ.”

ತಲೆ ಎತ್ತಿದ್ದಾಯಿತು. ಕತ್ತಿ ಗಂಟಲಿನ ಉಬ್ಬಿನ ಮೇಲೆ ಬಂದು ನಿಂತು, ಉತ್ತರಕ್ಕೆ ಕಾಯಿತು. ಹೂಂ ಎನ್ನಲು ಮಾನ ಅಡ್ಡ ಬಂತು. ಉಹೂಂ ಎನ್ನಲು ಪ್ರಾಣ. ಮ್ಯಾನೇಜಿಂಗ್ ಡೈರೆಕ್ಟರಾದವರು ಮೂರು ಕುರ್ಚಿಗಾಗಿ ಚೌಕಾಸಿ ಮಾಡುವುದೇ? ಅವರು ನೊರೆಯ ನಡುವಿನಿಂದ ಬಾಯಿ ಬಿಟ್ಟರು.

“ಬೆಲೆ ನನ್ನ ಕೈಲಿಲ್ಲ. ನಾವು ನೇರವಾಗಿ ಮಾರಲ್ಲ. ಎಲ್ಲಾ ಡಿಸ್ಟ್ರಿಬ್ಯೂಟರ್ ಮೂಲಕ.”

ಕತ್ತಿ ನಿಂತಿತು. “ಡಿಸ್ಟ್ರಿಬ್ಯೂಟರ್ ಇದ್ದಾರಾ ನಿಮಗೆ?” ಹತ್ತು ತಿಂಗಳಲ್ಲಿ ಒಮ್ಮೆಯೂ ಕೇಳದ ಗೌರವ ಆ ಧ್ವನಿಯಲ್ಲಿತ್ತು.

“ಇದ್ದಾರೆ. ದೊಡ್ಡ ಕುಳ.”

“ಅದನ್ನ ಮೊದಲೇ ಹೇಳಬಾರದಾ? ಅವರ ನಂಬರ್ ಕೊಡಿ. ನಿಮ್ಮ ಹತ್ರ ಏನು ಮಾತು.”

ಅಂದು ಕ್ಷೌರ ಮುಗಿದ ಮೇಲೆ ಬಿಸಿ ಟವೆಲ್ ಬಂತು. ಆ ಅಂಗಡಿಯಲ್ಲಿ ಬಿಸಿ ಟವೆಲ್ ಎಂಬುದೊಂದು ಇದೆಯೆಂದು ಆರು ವರ್ಷಗಳಿಂದ ಗಿರಾಕಿಯಾಗಿದ್ದ ಅವರಿಗೆ ಅಂದೇ ಗೊತ್ತಾದದ್ದು.

ಮನೆಯಲ್ಲಿ ಒಂದು ಹಳೆಯ ಫೋನು ಫ್ರಿಜ್ಜಿನ ಮೇಲೆ ಬಿದ್ದಿತ್ತು. ಅದರ ನಂಬರನ್ನೇ ಕೊಟ್ಟು ಬಂದಿದ್ದ ಡೈರೆಕ್ಟರು ಅದನ್ನು ಒರೆಸಿ, ಚಾರ್ಜಿಗೆ ಹಾಕುವಷ್ಟರಲ್ಲಿ ಅದು ಬಡಿದುಕೊಂಡಿತು. ಡಿಸ್ಟ್ರಿಬ್ಯೂಟರ್ ಎಂದರೆ ಹೊಟ್ಟೆ ಮುಂದಿರುವ ಮನುಷ್ಯ. ಅವಸರ ಅವನ ಜಾಯಮಾನವಲ್ಲ. ಡೈರೆಕ್ಟರು ತಮ್ಮಲ್ಲಿಲ್ಲದ ಹೊಟ್ಟೆಯ ಆಳದಿಂದ ದಪ್ಪ ಧ್ವನಿ ತೆಗೆದರು.

“ಹೇಳಿ.”

“ಸಾರ್, ಮೂಲೆ ಸಲೂನು. ಮೂರು ಕುರ್ಚಿಗೆ ಲೈಸೆನ್ಸ್ ಬೇಕಿತ್ತು.”

“ಕುರ್ಚಿಗೆ ನೂರೈವತ್ತು.”

“ಕಂಪನಿಯವರು ನೂರು ಅಂದಿದ್ರಲ್ಲ ಸಾರ್.”

“ಅವರಿಗೇನು ಗೊತ್ತು? ಅವರು ತಯಾರು ಮಾಡೋರು. ಮಾರುಕಟ್ಟೆ ನೋಡಿದ್ದಾರಾ ಅವರು?”

“ಅದೂ ನಿಜ ಅನ್ನಿ. ಏನಾದ್ರೂ ಬಿಟ್ಟು ಹೇಳಿ ಸಾರ್.”

ಡಿಸ್ಟ್ರಿಬ್ಯೂಟರು ಉಸಿರು ಬಿಟ್ಟರು. ಆ ಉಸಿರಿನಲ್ಲಿ ಎಷ್ಟೋ ಗೋದಾಮುಗಳ ಭಾರವಿತ್ತು. “ನಿಮಗಾದ್ರೆ ನೂರಿಪ್ಪತ್ತು.”

“ಮೂರೂ ಕುರ್ಚಿಗೆ ಹಾಕಿಬಿಡಿ ಸಾರ್.”

ಪಕ್ಕದಲ್ಲಿ ಒಗೆದ ಬಟ್ಟೆ ಮಡಚುತ್ತಿದ್ದ ಹೆಂಡತಿ ಕೈ ನಿಲ್ಲಿಸಿದಳು. ಆಕೆ ಬೆಳಗಿನ ಹೊತ್ತು ಒಬ್ಬ ಹಲ್ಲಿನ ಡಾಕ್ಟರ ಬಳಿ ಬಂದವರನ್ನು ಕೂರಿಸಿ, ಹೆದರಿದವರಿಗೆ ಧೈರ್ಯ ಹೇಳಿ, ಫೀಸು ಕೇಳಿ ಎದ್ದು ಹೋಗುವವರನ್ನು ಬಾಗಿಲಲ್ಲಿ ತಡೆದು ವಾಪಸು ಕೂರಿಸುವ ಕೆಲಸದಲ್ಲಿದ್ದಳು.

“ರೀ, ನೂರಕ್ಕೆ ಬೇಡ ಅಂದೋರು ನೂರಿಪ್ಪತ್ತಕ್ಕೆ ತಗೊಂಡ್ರಾ?”

“ಮೂವತ್ತು ಉಳೀತಲ್ಲ ಅವರಿಗೆ.”

“ಯಾವ ಮೂವತ್ತು?”

“ನೂರೈವತ್ತರಲ್ಲಿ.”

ಆಕೆ ಒಂದು ಅಂಗಿಯ ತೋಳನ್ನು ಮಡಿಲ ಮೇಲೆ ಹರಡಿ ಬೆರಳಲ್ಲಿ ಲೆಕ್ಕ ಹಾಕಿದಳು. “ಹೌದಲ್ವಾ,” ಎಂದು ಮತ್ತೆ ಮಡಚತೊಡಗಿದಳು.

ಬೇರೆ ಯಾರಾದರೂ ಆಗಿದ್ದರೆ ಇಷ್ಟಕ್ಕೆ ಸುಳ್ಳು ಸಾಕು ಎನ್ನುತ್ತಿದ್ದರು. ಆದರೆ ಡೈರೆಕ್ಟರು ಹನ್ನೊಂದು ವರ್ಷ ಕಾಗದದ ನಡುವೆ ಬೆಳೆದವರು. ಅವರು ಸುಳ್ಳು ಹೇಳಿದರೂ ಅದು ಕ್ರಮಬದ್ಧವಾಗಿರಬೇಕು. ಡಿಸ್ಟ್ರಿಬ್ಯೂಟರ್ ಇದ್ದಾರೆ ಎಂದ ಮೇಲೆ ಒಪ್ಪಂದ ಇರಬೇಕಲ್ಲ. ಮುಂದಿನ ಭಾನುವಾರ ಮಧ್ಯಾಹ್ನ ಊಟದ ಮೇಜಿನ ಎರಡು ಕಡೆ ಎರಡು ಕುರ್ಚಿ ಹಾಕಿದರು. ಒಂದರಲ್ಲಿ ಕೂತು ಕಂಪನಿಯಾದರು. ಎದ್ದು ಬಂದು ಇನ್ನೊಂದರಲ್ಲಿ ಕೂತು ಡಿಸ್ಟ್ರಿಬ್ಯೂಟರಾದರು.

ಕಂಪನಿ ಹೇಳಿತು: ನೂರಕ್ಕೆ ಹದಿನೈದು ಕೊಡುತ್ತೇನೆ. ಡಿಸ್ಟ್ರಿಬ್ಯೂಟರು ಆ ಕಡೆಯಿಂದ ಹೊಟ್ಟೆ ಕುಲುಕಿಸಿ ನಕ್ಕರು. ನೀವೇ ಮಾರಿಕೊಳ್ಳಿ ಹಾಗಿದ್ದರೆ, ಒಂದು ತಿಂಗಳು ಮೆಟ್ಟಿಲು ಹತ್ತಿ ಇಳಿದು ನಾಲ್ಕು ಕುರ್ಚಿ ಮಾರಿದಿರಿ, ನಾನು ಕೂತಲ್ಲೇ ಮೂರು ಮಾರಿದೆ ಎಂದರು. ಕಂಪನಿ ತನ್ನ ಕಾಗದದಲ್ಲಿ ಹದಿನೈದನ್ನು ಹೊಡೆದುಹಾಕಿತು. ಇಪ್ಪತ್ತೈದು ಎಂದಿತು. ಡಿಸ್ಟ್ರಿಬ್ಯೂಟರು ಎದ್ದು ಹೊರಟೇ ಬಿಟ್ಟರು. ನೀರು ಕುಡಿಯುವವರೆಗೆ ಹೋಗಿ, ಕಂಪನಿ ಕರೆಯಿತೆಂದು ವಾಪಸು ಬಂದರು. ಸಂಜೆ ನಾಲ್ಕಕ್ಕೆ ಹೆಂಡತಿ ಚಹಾ ತಂದಾಗ ಡೈರೆಕ್ಟರು ತಲೆಯ ಮೇಲೆ ಕೈ ಹೊತ್ತಿದ್ದರು.

“ಏನಾಯ್ತು?”

“ನಲವತ್ತಕ್ಕೆ ಮುಗೀತು.”

“ಯಾರು ಗೆದ್ರು?”

“ಅವನು,” ಎಂದರು ಡೈರೆಕ್ಟರು. “ಕಂಪನಿ ಇನ್ನು ಯಾರಿಗೂ ನೇರವಾಗಿ ಮಾರೋ ಹಾಗಿಲ್ಲ ಅಂತಲೂ ಬರೆಸಿಕೊಂಡ. ಬಲು ಗಟ್ಟಿ ಆಸಾಮಿ.”

ಹೆಂಡತಿ ಒಪ್ಪಂದ ಓದಿದಳು. ಎರಡು ಬೇರೆ ಪೆನ್ನುಗಳಲ್ಲಿ ಎರಡು ಸಹಿ ಇದ್ದವು. “ಅವರ ಪಾಲು ನನ್ನ ಕೈಗೆ ಕೊಡ್ತಾ ಇರಿ,” ಎಂದಳು. “ಅವರು ಸಿಕ್ಕಾಗ ಕೊಡ್ತೀನಿ.”

ಆಮೇಲೆ ನಡೆದದ್ದನ್ನು ಕಂಡು ಡೈರೆಕ್ಟರಿಗೇ ದಿಗಿಲಾಯಿತು. ಡಿಸ್ಟ್ರಿಬ್ಯೂಟರ್ ಇದ್ದಾರಂತೆ ಎಂಬ ಸುದ್ದಿ ಸಲೂನಿನಿಂದ ಸಲೂನಿಗೆ ಹಬ್ಬಿತು. ಮುಂದಿನ ಬೀದಿಯವನು ಐದು ಕುರ್ಚಿಗೆ ಹಾಕಿಸಿದ. ಸಂತೆಮಾಳದ ಹತ್ತಿರದವನು ಆರಕ್ಕೆ. ಕುರ್ಚಿಗಳೇನೋ ಏರಿದವು, ಅದರ ಎರಡರಷ್ಟು ದೂರುಗಳೂ ಏರಿದವು. ಕೊಳ್ಳುವ ಮಾತಿಗೆ ಡಿಸ್ಟ್ರಿಬ್ಯೂಟರ ಫೋನು, ಕೆಟ್ಟರೆ ಕಂಪನಿಯ ಫೋನು ಎಂದು ಒಪ್ಪಂದದಲ್ಲಿತ್ತು. ಹಾಗಾಗಿ ಮಧ್ಯಾಹ್ನ ಊಟ ಮುಗಿಸಿ ಹೊರಟರೆ ಡೈರೆಕ್ಟರು ದೀಪ ಹಚ್ಚುವ ಹೊತ್ತಿಗೆ ಮನೆಗೆ ಬರುತ್ತಿದ್ದರು. ಒಂದು ಸಲೂನಿನಲ್ಲಿ ಪ್ರಿಂಟರಿನೊಳಗೆ ಯಾರದೋ ಗಡ್ಡ ಸಿಕ್ಕಿಕೊಂಡಿತ್ತು. ಇನ್ನೊಂದು ಕಡೆ ಸಾಫ್ಟ್‌ವೇರ್ ಒಂದೇ ಸಮನೆ ‘ಮುಂದಿನವರು ಬನ್ನಿ, ಮುಂದಿನವರು ಬನ್ನಿ’ ಎಂದು ಕೂಗಿಕೊಂಡು, ಅರ್ಧ ಮೀಸೆಯಲ್ಲಿದ್ದವರು ಕೂಡ ಗಾಬರಿಯಿಂದ ಎದ್ದು ಹೋಗಿದ್ದರು.

“ನಿಮ್ಮ ಡಿಸ್ಟ್ರಿಬ್ಯೂಟರ್ ಮುಖ ನೋಡಿ ತಗೊಂಡಿದ್ದು ಕಣ್ರೀ ಇದನ್ನ,” ಎಂದು ಆ ಸಲೂನಿನವನು ಹರಿಹಾಯ್ದ. “ಎಂಥಾ ಜನ ಅವರು. ನನ್ನ ಹೆಂಡತಿ ಕಾಲು ಉಳುಕಿದೆ ಅಂದ್ರೆ, ಎರಡು ದಿನ ಬಿಟ್ಟು ನೆನಪಿಟ್ಟು ಕೇಳಿದ್ರು. ನಿಮ್ಮಂಥೋರ ಜೊತೆ ಹೇಗೆ ಏಗ್ತಾರೋ.”

ಯಾರ ಕಾಲನ್ನೂ ವಿಚಾರಿಸಿದ ನೆನಪು ಡೈರೆಕ್ಟರಿಗೆ ಇರಲಿಲ್ಲ. ಆದರೆ ಡಿಸ್ಟ್ರಿಬ್ಯೂಟರು ಒಳ್ಳೆಯ ಮನುಷ್ಯ ಎಂದು ಅವರಿಗೂ ಅನ್ನಿಸತೊಡಗಿತ್ತಾದ್ದರಿಂದ, ತಾನು ಕೇಳಿರಬಹುದು ಎಂದುಕೊಂಡರು. ಮನೆಗೆ ಬಂದರೆ ಹೆಂಡತಿ ಒಂದು ಚೀಟಿ ಚಾಚುತ್ತಿದ್ದಳು: ಸೇತುವೆ ಪಕ್ಕದ ಸಲೂನು, ನಾಲ್ಕು ಕುರ್ಚಿ. ಶಾಲೆ ಎದುರು, ಎರಡು. “ಅವರಾಗೇ ಫೋನ್ ಮಾಡಿದ್ರು. ಬರೆದಿಟ್ಟಿದ್ದೀನಿ.”

“ಒಳ್ಳೇದಾಯ್ತು. ನಾನಿಲ್ಲದಾಗ ಫೋನ್ ಬಂದ್ರೆ ಡಿಸ್ಟ್ರಿಬ್ಯೂಟರು ಊರಲ್ಲಿಲ್ಲ ಅನ್ನು.”

“ಹೂಂ,” ಎನ್ನುತ್ತಿದ್ದಳು ಆಕೆ.

ಐದು ವಾರ ಕಳೆಯುವಷ್ಟರಲ್ಲಿ ಅರವತ್ತೆಂಟು ಕುರ್ಚಿಗಳಾದವು. ಆಗ ಫ್ರಿಜ್ಜಿನ ಮೇಲಿನ ಫೋನಿಗೆ ಒಂದು ಕರೆ ಬಂತು. ಡೈರೆಕ್ಟರು ನಂಬರು ನೋಡಿ ಎದೆ ಹಿಡಿದುಕೊಂಡರು. ಅದು ಮಾವನ ನಂಬರು. ಮಾವ ಮಹಡಿಯ ಮೇಲೆ, ಅವರ ತಲೆಯಿಂದ ಸರಿಯಾಗಿ ಹತ್ತು ಅಡಿ ಎತ್ತರದಲ್ಲಿ, ಆರಾಮಕುರ್ಚಿಯಲ್ಲಿದ್ದರು. ಡೈರೆಕ್ಟರು ಬಚ್ಚಲುಮನೆಗೆ ಓಡಿ ಚಿಲಕ ಹಾಕಿದರು.

“ಹೇಳಿ,” ಎಂದರು ಹೊಟ್ಟೆಯ ತಳದಿಂದ.

“ನಮಸ್ಕಾರ. ಆ ‘ಮುಂದಿನವರು’ ಅಂತ ಒಂದು ಇದೆಯಲ್ಲ, ಅದನ್ನ ಮಾಡಿದೋನು ನನ್ನ ಅಳಿಯ. ಹೇಳಿಕೊಳ್ಳೋಕೆ ಸಂಕೋಚ.”

“ಛೆ, ಛೆ. ಅವರು ಬಹಳ ಬುದ್ಧಿವಂತರು.”

“ಯಾರು, ನಮ್ಮೋನಾ? ನೀವು ಅವನನ್ನ ನೋಡಿದ್ದೀರಾ?”

“ನೋಡ್ತಾ ಇರ್ತೀನಿ.”

“ಹೋದ ವಾರ ಬಲ್ಬು ಹಾಕೋಕೆ ಹೋಗಿ ಇಡೀ ಮನೆ ಕತ್ತಲು ಮಾಡಿದ. ಇರಲಿ. ಊರಿಡೀ ನಿಮ್ಮ ಹೆಸರು ಹೇಳ್ತಾರೆ. ನಿಮ್ಮ ಹತ್ತಿರ ಅವನಿಗೊಂದು ಕೆಲಸ ಸಿಕ್ಕೀತಾ ಅಂತ ಕೇಳೋಣ ಅನ್ನಿಸಿತು. ಪೆಟ್ಟಿಗೆ ಎತ್ತಿಡೋದಾದ್ರೂ ಸರಿ.”

“ಅವರು ಒಂದು ಕಂಪನಿಯ ಡೈರೆಕ್ಟರು ಯಜಮಾನರೇ. ಪೆಟ್ಟಿಗೆ ಎತ್ತಿ ಅನ್ನೋಕಾಗುತ್ತಾ?”

“ಅದೂ ಸರಿಯೇ, ಸೊಂಟ ಗಟ್ಟಿಯಿಲ್ಲ. ಹಾಗಿದ್ರೆ ಹಳೇ ಕಚೇರಿಗೇ ಹೋಗಲಿ ಅಂತೀರಾ? ಮ್ಯಾನೇಜರು ಕಿಟಕಿ ಪಕ್ಕದ ಮೇಜು ಖಾಲಿ ಇಟ್ಟಿದ್ದಾರೆ. ನೀವು ದೊಡ್ಡ ವ್ಯವಹಾರಸ್ಥರು. ನೀವು ಒಂದು ಮಾತು ಹೇಳಿ.”

ಡೈರೆಕ್ಟರು ಬೇಡ ಎನ್ನಲು ಬಾಯಿ ತೆರೆದರು. ಆದರೆ ಹೊಟ್ಟೆ ಮುಂದಿರುವ ಮನುಷ್ಯ ಹಿರಿಯರ ಎದುರು ವಾದಿಸುವುದಿಲ್ಲ. ಪಾತ್ರದ ಮರ್ಯಾದೆ ಬಿಡಲಾರದೆ ಅವರು, “ಹಿರಿಯರು ನೀವು ಅಷ್ಟು ಹೇಳಿದ ಮೇಲೆ ನನ್ನದೇನಿದೆ,” ಎಂದುಬಿಟ್ಟರು.

ಮರುದಿನ ಊಟಕ್ಕೆ ಕೂತಾಗ ಮಾವ ಗಂಟಲು ಸರಿಮಾಡಿಕೊಂಡರು. “ನಿಮ್ಮ ಡಿಸ್ಟ್ರಿಬ್ಯೂಟರ್ ಹತ್ತಿರ ಮಾತಾಡಿದೆ ಅಳಿಯಂದಿರೇ. ನೀವು ಕಚೇರಿಗೆ ವಾಪಸು ಹೋಗೋದೇ ಒಳ್ಳೇದು ಅಂತ ಅವರೂ ಒಪ್ಪಿದರು.”

“ಅವನು ಹಾಗೆ ಹೇಳಲೇ ಇಲ್ಲ,” ಎಂದರು ಡೈರೆಕ್ಟರು.

“ನಿಮಗೆ ಹೇಗೆ ಗೊತ್ತು?”

ಡೈರೆಕ್ಟರು ಅನ್ನ ಬಡಿಸಿಕೊಳ್ಳತೊಡಗಿದರು. ಹೆಂಡತಿ, “ಅಪ್ಪ, ಇನ್ನೂ ಎರಡು ವಾರ ಇದೆ,” ಎಂದಳು.

ಒಂದು ವಾರದಲ್ಲಿ ಒಂದು ಕುರ್ಚಿಯೂ ಏರಲಿಲ್ಲ. ಅದಕ್ಕೆ ಕಾರಣ ಸಲೂನು ಮಾಲೀಕರ ಸಂಘದ ಅಧ್ಯಕ್ಷರು. ಅವರು ಫೋನು ಮಾಡಿದಾಗ ಎತ್ತಿಕೊಂಡದ್ದು ಡೈರೆಕ್ಟರೇ. ಅವತ್ತು ಅಪರೂಪಕ್ಕೆ ಅವರು ಮನೆಯಲ್ಲಿದ್ದರು.

“ನೋಡಿ, ನಮ್ಮಲ್ಲಿ ಇನ್ನೂ ನಲವತ್ತು ಅಂಗಡಿ ಬಾಕಿ ಇದೆ,” ಎಂದರು ಅಧ್ಯಕ್ಷರು. “ಎಲ್ಲಾ ಒಟ್ಟಿಗೆ ತಗೋತೀವಿ, ಅಲ್ಲಿವರೆಗೆ ಯಾರೂ ಒಬ್ಬೊಬ್ಬರೇ ತಗೋಬೇಡಿ ಅಂದಿದ್ದೀನಿ. ಆದರೆ ನಮಗೆ ಬೇಕಾಗಿರೋದು ನಿಮ್ಮ ಆಫೀಸು, ಆ ಕಂಪನಿ ಅಲ್ಲ. ಆ ಡೈರೆಕ್ಟರ ಕಾಟ ಸಾಕಾಗಿದೆ. ಬೇರೆ ಕಂಪನಿಯದು ಒಂದಿದೆ, ಅದನ್ನೇ ತರಿಸಿ ನಮಗೆ ಕೊಡಿ. ಅವನನ್ನ ಕೈಬಿಡಿ.”

“ಕೈಬಿಡೋದಾ?” ಡಿಸ್ಟ್ರಿಬ್ಯೂಟರ ಧ್ವನಿ ಒಮ್ಮೆಲೇ ತೆಳ್ಳಗಾಯಿತು. ಕೆಮ್ಮಿ ದಪ್ಪ ಮಾಡಿಕೊಂಡರು. “ಆತ ಬಹಳ ಒಳ್ಳೇ ಮನುಷ್ಯ.”

“ಒಳ್ಳೇತನ ತಗೊಂಡು ಗಡ್ಡ ಹೆರೆಯೋಕಾಗುತ್ತಾ? ಈ ಭಾನುವಾರ ಸಭೆ ಇದೆ. ಡಿಸ್ಟ್ರಿಬ್ಯೂಟರು ಖುದ್ದಾಗಿ ಬರಬೇಕು. ಕಂಪನಿಯೂ ಬರಲಿ, ಬೈಯೋಕೆ ಒಬ್ಬರು ಬೇಕು. ಡಿಸ್ಟ್ರಿಬ್ಯೂಟರು ಬರಲಿಲ್ಲ ಅಂದ್ರೆ ಬೇರೆಯೋರನ್ನ ನೋಡ್ತೀವಿ.”

ರಜೆ ಮುಗಿಯುವುದು ಆ ಭಾನುವಾರದ ಮಾರನೇ ದಿನ. ಬೇಕಾಗಿದ್ದುದು ಇನ್ನು ಮೂವತ್ತೆರಡು ಕುರ್ಚಿ. ಒಬ್ಬನೇ ಮನುಷ್ಯ ಒಂದೇ ವೇದಿಕೆಯ ಮೇಲೆ ಎರಡು ಕುರ್ಚಿಯಲ್ಲಿ ಕೂರುವ ಉಪಾಯವನ್ನು ಡೈರೆಕ್ಟರು ಮೂರು ದಿನ ಯೋಚಿಸಿದರು. ಹೊಟ್ಟೆಗೆ ದಿಂಬು ಕಟ್ಟಿಕೊಂಡು ಕನ್ನಡಿಯಲ್ಲಿ ನೋಡಿಕೊಂಡರು. ಅದರಲ್ಲಿ ಕಂಡದ್ದು ದಿಂಬು ಕಟ್ಟಿಕೊಂಡ ಡೈರೆಕ್ಟರು.

“ನೀವು ಹೋಗಿರಿ,” ಎಂದಳು ಹೆಂಡತಿ. “ಊರಲ್ಲಿಲ್ಲ ಅಂತ ಹ್ಯಾಗೂ ಹೇಳ್ತೀರಲ್ಲ, ಅದನ್ನೇ ಹೇಳಿ.”

ಸಂಘದ ಸಭೆ ಒಂದು ಟೈಲರ್ ಅಂಗಡಿಯ ಮೇಲಿನ ಉದ್ದನೆಯ ಕೋಣೆಯಲ್ಲಿ. ಡೈರೆಕ್ಟರು ಒಳಗೆ ಕಾಲಿಡುತ್ತಲೇ ಅರವತ್ತು ಜೊತೆ ಕಣ್ಣುಗಳು ಅವರ ಮುಖವನ್ನು ಬಿಟ್ಟು ತಲೆಯ ಮೇಲೆ ನಿಂತವು.

“ಇದು ಯಾರ ಕೈಕೆಲಸ?” ಎಂದಿತು ಒಂದು ಧ್ವನಿ.

“ಎಡಗಿವಿ ಹತ್ರ ನೋಡಿ.”

“ಹಿಂದುಗಡೆ ಮೆಟ್ಟಿಲು ಬಿದ್ದಿದೆ.”

ಮೂಲೆ ಸಲೂನಿನ ಯಜಮಾನರು ಮುಂದಿನವನ ಬೆನ್ನ ಹಿಂದೆ ಕುಗ್ಗಿ ಕೂತು, “ನನ್ನದಲ್ಲಪ್ಪ,” ಎಂದರು. ಅದು ಅವರದೇ ಆಗಿತ್ತು. ಮುಂದಿನ ಸಾಲಿನಲ್ಲಿ ಮಾವ ಇಸ್ತ್ರಿ ಮಾಡಿದ ಕೋಟಿನಲ್ಲಿ ಕೂತಿದ್ದರು. ಡಿಸ್ಟ್ರಿಬ್ಯೂಟರ ದರ್ಶನ ಮಾಡಿ, ಕೈ ಕುಲುಕಿ, ಅಳಿಯನ ಪರವಾಗಿ ಕ್ಷಮೆ ಕೇಳಿ ಹೋಗುವುದು ಅವರ ಉದ್ದೇಶ.

“ಡಿಸ್ಟ್ರಿಬ್ಯೂಟರ್ ಎಲ್ಲಿ?” ಎಂದರು ಅಧ್ಯಕ್ಷರು. ಅವರ ಗಡ್ಡ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಅಂಟಿಸಿದ ಹಾಗೆ ಕಾಣುತ್ತಿತ್ತು.

“ಊರಲ್ಲಿಲ್ಲ.”

“ಯಾವ ಊರಿಗೆ ಹೋಗಿದ್ದಾರೆ?”

ಇಷ್ಟು ವಾರಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. “ದೊಡ್ಡ ಊರಿಗೆ,” ಎಂದರು ಡೈರೆಕ್ಟರು.

ಹಿಂದಿನ ಸಾಲಿನಲ್ಲಿ ನಗು ಎದ್ದಿತು. ಅಧ್ಯಕ್ಷರು ಮೇಜು ತಟ್ಟಿದರು. “ಹಾಗಾದ್ರೆ ಮಾತು ಮುಗೀತು. ಆ ಬೇರೆ ಕಂಪನಿಯೋರಿಗೆ ಬರೆಯೋಣ. ಒಪ್ಪಿಗೆ ಇರೋರು ಕೈ ಎತ್ತಿ.”

ಕೈಗಳು ಏಳತೊಡಗಿದವು. ಮಾವ ಗಡಿಯಾರ ನೋಡಿಕೊಂಡರು. ಕಿಟಕಿ ಪಕ್ಕದ ಮೇಜು ಡೈರೆಕ್ಟರ ಕಣ್ಣ ಮುಂದೆ ಬಂದು ನಿಂತಿತು; ಅದರ ಮೇಲೆ ದೂರುಗಳು, ದೂರುಗಳ ಮೇಲೆ ನಂಬರುಗಳು. ಅವರು ಎದ್ದರು. ನಿಜ ಹೇಳಿಬಿಡುವುದೇ ವಾಸಿ ಎನ್ನಿಸಿತು.

“ಒಂದು ಮಾತು ಹೇಳಬೇಕು. ಈ ಡಿಸ್ಟ್ರಿಬ್ಯೂಟರ್ ಅನ್ನೋರು ಇದ್ದಾರಲ್ಲ—”

ಅಷ್ಟರಲ್ಲಿ ಬಾಗಿಲು ತೆರೆಯಿತು. ಒಳಗೆ ಬಂದದ್ದು ಹೆಂಡತಿ. ತೋಳಿನಲ್ಲಿ ಚೀಲ, ಕೈಯಲ್ಲಿ ಫ್ರಿಜ್ಜಿನ ಮೇಲಿನ ಫೋನು.

“ತಡ ಆಯ್ತು. ಭಾನುವಾರ ಬಸ್ಸು ಕಮ್ಮಿ,” ಎಂದಳು.

ಆ ಧ್ವನಿ ಕೇಳಿದ್ದೇ ತಡ, ಎತ್ತಿದ ಕೈಗಳು ಇಳಿದವು. ಅರ್ಧ ಕೋಣೆ ಎದ್ದು ನಿಂತಿತು. “ಅರೆ, ಮೇಡಂ,” “ಬನ್ನಿ ಮೇಡಂ,” “ಕಾಲು ಈಗ ವಾಸಿಯಾಗಿದೆ ಮೇಡಂ,” ಎಂದು ನಾಲ್ಕು ಕಡೆಯಿಂದ ಮಾತು ಬಂತು. ಯಾರೋ ಕುರ್ಚಿ ಒರೆಸಿ ಕೊಟ್ಟರು. ಡೈರೆಕ್ಟರಿಗೆ ಕೂತುಕೊಳ್ಳಿ ಎಂದು ಯಾರೂ ಹೇಳಿರಲಿಲ್ಲವಾದ್ದರಿಂದ ನಿಂತೇ ಇದ್ದರು. ಅರವತ್ತೆಂಟು ಕುರ್ಚಿಗಳಲ್ಲಿ ತಾವು ದಪ್ಪ ಧ್ವನಿಯಲ್ಲಿ ಮಾರಿದ್ದು ಎಷ್ಟು ಎಂದು ಮನಸ್ಸಿನಲ್ಲೇ ಎಣಿಸಿದರು. ಮೂಲೆ ಸಲೂನಿನ ಮೂರು ಬಿಟ್ಟರೆ ಮತ್ತೊಂದು ನೆನಪಿಗೆ ಬರಲಿಲ್ಲ.

“ನೀವೇನಾ ಡಿಸ್ಟ್ರಿಬ್ಯೂಟರು?” ಎಂದರು ಅಧ್ಯಕ್ಷರು. “ನಾನು ಫೋನ್ ಮಾಡಿದಾಗ ದಪ್ಪ ಗಂಟಲಿನವರು ಯಾರೋ ಎತ್ತಿಕೊಂಡಿದ್ರು.”

“ಅವರು ನಮ್ಮ ಗುಮಾಸ್ತರು. ಹೊಸಬರು, ಇನ್ನೂ ಕಲೀತಿದ್ದಾರೆ.”

ಮೂಲೆ ಯಜಮಾನರು ಕತ್ತು ಉದ್ದ ಮಾಡಿದರು. “ಮೇಡಂ, ನೀವು ಡೈರೆಕ್ಟ್ರ ಮನೆಯೋರಲ್ವಾ?”

ಅಧ್ಯಕ್ಷರ ಗಡ್ಡ ಮೇಲೆದ್ದಿತು. “ಗಂಡನ ಮಾಲನ್ನ ಹೆಂಡತಿ ಮಾರೋದಾ? ನಮ್ಮ ಪರವಾಗಿ ಅವರ ಹತ್ರ ಮಾತಾಡ್ತೀರಿ ಅಂತ ಏನು ಗ್ಯಾರಂಟಿ?”

“ಮನೆಗೆ ಹೋದ ಮೇಲೆ ಮನೆಯೋರು. ಇಲ್ಲಿ ಡಿಸ್ಟ್ರಿಬ್ಯೂಟರ್,” ಎಂದಳು ಆಕೆ. “ಗ್ಯಾರಂಟಿ ಬೇಕಾದ್ರೆ ಈಗಲೇ ನೋಡಿ. ಡೈರೆಕ್ಟ್ರೇ, ನಲವತ್ತು ಅಂಗಡಿ ಒಟ್ಟಿಗೆ ಬರ್ತಾ ಇದೆ. ನೂರಿಪ್ಪತ್ತನ್ನ ನೂರಕ್ಕೆ ಇಳಿಸ್ತಾ ಇದ್ದೀನಿ. ಇವರಿಗೆ ಇಪ್ಪತ್ತು ಬಿಟ್ಟ ಮೇಲೆ ನಲವತ್ತರಲ್ಲಿ ನನಗೆ ಗಿಟ್ಟಲ್ಲ. ಐವತ್ತು ಮಾಡಿ.”

“ಐವತ್ತಾ?” ಡೈರೆಕ್ಟರು ಎಲ್ಲ ಮರೆತು ಕಂಪನಿಯಾದರು. “ಬರೆದೋನು ನಾನು. ಕೆಟ್ಟರೆ ಓಡೋನು ನಾನು.”

“ಮಾರೋಳು ನಾನು.”

“ನಲವತ್ತೆರಡು.”

“ಐವತ್ತು.”

“ನಲವತ್ತೈದು. ಸ್ವಲ್ಪ ಯೋಚನೆ ಮಾಡೇ.”

“ಡೈರೆಕ್ಟ್ರೇ, ಸಭೆ ನಡೀತಾ ಇದೆ. ಬಹುವಚನದಲ್ಲಿ ಮಾತಾಡಿ.”

ಕೋಣೆಯಲ್ಲಿದ್ದ ಅರವತ್ತು ಗಂಡಂದಿರು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಇಂಥ ದೃಶ್ಯ ಅವರಿಗೆ ಹೊಸದಲ್ಲ. ಹೊರಗಿನಿಂದ ನೋಡಿದ್ದು ಇದೇ ಮೊದಲು. ಮಾವ ಎದ್ದು ನಿಂತರು.

“ಒಪ್ಪಿಕೊಳ್ಳಿ ಅಳಿಯಂದಿರೇ. ಇಂಥ ಡಿಸ್ಟ್ರಿಬ್ಯೂಟರ್ ನಿಮಗೆ ಮತ್ತೆ ಸಿಗಲ್ಲ.”

ಡೈರೆಕ್ಟರು ಐವತ್ತಕ್ಕೆ ಒಪ್ಪಿದರು. ಹೋದ ಸಲ ಸೋತಾಗ ಎದುರಿನ ಕುರ್ಚಿ ಖಾಲಿ ಇತ್ತು. ಈ ಸಲ ತುಂಬಿತ್ತಾದ್ದರಿಂದ ಸೋಲಿಗೆ ಒಂದು ಮರ್ಯಾದೆ ಬಂದಿತ್ತು.

“ಗ್ಯಾರಂಟಿ ಸಿಕ್ಕಿತು,” ಎಂದರು ಅಧ್ಯಕ್ಷರು. “ಬೆಲೆ ಸರಿ. ಆದರೆ ಇವರ ಕಾಟ? ಆ ಮೆಷಿನ್ನು ಕೂಗಿಕೊಳ್ಳುತ್ತಲ್ಲ.”

“ಕೂಗಿಕೊಂಡಾಗ ಬಂದೋರು ಯಾರು?”

“ಇವರೇ.”

“ಎಷ್ಟು ಹೊತ್ತಿಗೆ?”

ಸಂತೆಮಾಳದವನು ತಲೆ ಕೆರೆದುಕೊಂಡ. “ಅರ್ಧ ಗಂಟೆಗೆ. ಛತ್ರಿ ಇಲ್ಲದೆ ನೆನೆದುಕೊಂಡು.”

“ನೀವು ಬೈದ್ರಾ?”

“ಬೈದೆ.”

“ಮಾರನೇ ದಿನ ಮತ್ತೆ ಬಂದ್ರಾ?”

“ಬಂದ್ರು.”

“ಆ ಇನ್ನೊಂದು ಕಂಪನಿಯೋರಿಗೆ ಫೋನ್ ಮಾಡಿ ಒಮ್ಮೆ ಬೈದು ನೋಡಿ,” ಎಂದಳು ಹೆಂಡತಿ. “ಒಂದು ಒತ್ತಿ, ಎರಡು ಒತ್ತಿ ಅಂತ ಹೇಳುತ್ತೆ ಅದು. ಬೈಯೋಕೆ ಮನುಷ್ಯರೇ ಸಿಗಲ್ಲ. ಇವರಿಗೆ ಹನ್ನೊಂದು ವರ್ಷ ಬೈಸಿಕೊಂಡು ಅಭ್ಯಾಸ ಇದೆ. ಬೈದ್ರೂ ಬರೋ ಜನ ಎಲ್ಲಿದ್ದಾರೆ ಹೇಳಿ.”

ಡೈರೆಕ್ಟರು ನೆಲ ನೋಡಿದರು. ದೂರು ವಿಭಾಗದ ಹನ್ನೊಂದು ವರ್ಷಗಳನ್ನು ಯಾರೂ ಅವರ ಎದುರಿಗೆ ಹೀಗೆ ಎತ್ತಿ ಹಿಡಿದಿರಲಿಲ್ಲ. ಸಾಲಿನಿಂದ ಸಾಲಿಗೆ ಒಂದು ಗುಸುಗುಸು ಹೋಯಿತು. ಅದು ನಿಜ, ಎಂದರು ಹಲವರು. ಮನಸ್ಸು ಹಗುರ ಆಗುತ್ತೆ, ಎಂದ ಒಬ್ಬ.

“ಕೊನೇದೊಂದು,” ಎಂದರು ಅಧ್ಯಕ್ಷರು, ಪೂರ್ತಿ ಸೋಲಲು ಇಷ್ಟವಿಲ್ಲದೆ. “ತಲೆ ತೊಳೆಯೋ ಕುರ್ಚಿ ಇರುತ್ತಲ್ಲ, ಬೇಸಿನ್ ಇರೋದು. ಅದು ಕುರ್ಚಿನಾ, ಅಲ್ವಾ?”

ಈ ಪ್ರಶ್ನೆಗೆ ಡೈರೆಕ್ಟರು ಒಮ್ಮೆ ಇಡೀ ತಿಂಗಳು ತಲೆ ಕೆಡಿಸಿಕೊಂಡು, ಹದಿನಾಲ್ಕು ಪುಟ ಬರೆದು, ತೀರ್ಮಾನಕ್ಕೆ ಬಾರದೆ ಬಿಟ್ಟಿದ್ದರು. ಅವರು ಬಾಯಿ ತೆರೆದರು.

“ಅರ್ಧ ಕುರ್ಚಿ,” ಎಂದಳು ಹೆಂಡತಿ. ಸಭೆ ಚಪ್ಪಾಳೆ ತಟ್ಟಿತು.

ಅರ್ಧಗಳನ್ನೆಲ್ಲ ಕೂಡಿಸಿ ನೂರ ನಲವತ್ತೊಂದೂವರೆ ಕುರ್ಚಿಗಳಾದವು. ಅಧ್ಯಕ್ಷರು ಸಹಿ ಹಾಕಿ ಡೈರೆಕ್ಟರ ಕೈ ಕುಲುಕಿದರು. ಎರಡನೇ ಸಾಲಿನವನೊಬ್ಬ ಚೀಲದಿಂದ ಕತ್ತರಿ ತೆಗೆದು, “ಒಂದು ನಿಮಿಷ, ನೋಡೋಕಾಗ್ತಿಲ್ಲ,” ಎಂದು ಅವರ ಎಡಗಿವಿಯ ಹತ್ತಿರ ಸರಿಮಾಡಿದ.

ಮೂವರೂ ಮನೆಗೆ ನಡೆದೇ ಹೊರಟರು. ಮಾವ ನಡುವೆ ಇದ್ದರು. ಅರ್ಧ ದಾರಿಯಲ್ಲಿ ಅವರು ಮಗಳ ಕಡೆ ತಿರುಗಿದರು.

“ಏನಮ್ಮಾ, ನೀನೇ ಅಂತ ನನಗಾದ್ರೂ ಹೇಳಬಾರದಿತ್ತಾ?” ಎಂದರು. “ಒಳ್ಳೇ ಆಫೀಸು ಕಟ್ಟಿದ್ದೀಯ. ಆ ನಿನ್ನ ಗುಮಾಸ್ತ, ದಪ್ಪ ಗಂಟಲಿನೋನು, ನನ್ನ ಹತ್ತಿರ ಎಷ್ಟು ವಿನಯವಾಗಿ ಮಾತಾಡಿದ ಗೊತ್ತಾ. ಹಿರಿಯರು ಅಂದ್ರೆ ಏನು ಗೌರವ. ಅಂಥೋನು ಅಳಿಯ ಆಗಿದ್ದಿದ್ರೆ ಅನ್ನಿಸಿಬಿಟ್ಟಿತು ಒಂದು ಕ್ಷಣ.”

“ಅವರಿಗೆ ಮದುವೆ ಆಗಿದೆ ಅಪ್ಪ.”

“ಹೌದಾ. ಪುಣ್ಯವಂತೆ ಇರಬೇಕು.”

“ನೋಡಬೇಕು,” ಎಂದಳು ಹೆಂಡತಿ.

ಡೈರೆಕ್ಟರು ದಾರಿಯ ಪಕ್ಕದ ಕಂಬಗಳನ್ನು ಎಣಿಸುತ್ತ ನಡೆದರು. ಒಂದು ವರ್ಷದಲ್ಲಿ ಅವರ ಬೆನ್ನು ಅಷ್ಟು ನೆಟ್ಟಗೆ ಎಂದೂ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಅವರು ಕಚೇರಿಗೆ ರಾಜೀನಾಮೆ ಬರೆದರು. ಈ ಪತ್ರವನ್ನು ಹನ್ನೊಂದು ವರ್ಷಗಳಿಂದ ಮನಸ್ಸಿನಲ್ಲೇ ತಿದ್ದಿದ್ದರು. ಅದರಲ್ಲಿ ಮ್ಯಾನೇಜರಿಗೆ ಎರಡು ಪುಟ, ತಲೆಯ ಮೇಲೆ ಕಿರುಗುಟ್ಟುತ್ತಿದ್ದ ಕಚೇರಿಯ ಫ್ಯಾನಿಗೆ ಅರ್ಧ ಪುಟ ಮೀಸಲಿತ್ತು. ಬರೆಯಲು ಕೂತಾಗ ಒಂದೂವರೆ ಸಾಲಿಗೆ ಮುಗಿದುಹೋಯಿತು. ಅಂಚೆಗೆ ಹಾಕಲು ಎದ್ದರೆ ಮಾವ ಕೈ ಚಾಚಿದರು. “ಕೊಡಿ, ನಾನೇ ಕೊಟ್ಟು ಬರ್ತೀನಿ. ನಿಮ್ಮ ಕೈಲಿ ಕೊಟ್ಟರೆ ಎಲ್ಲಿ ಬೀಳಿಸ್ತೀರೋ.”

ಅವರು ವಾಪಸು ಬಂದಾಗ ಹನ್ನೆರಡು ದಾಟಿತ್ತು. ಹೆಂಡತಿ ಊಟದ ಮೇಜಿನ ಮೇಲೆ ಹೊಸ ಅಂಗಡಿಗಳ ಪಟ್ಟಿ ಹರಡಿಕೊಂಡಿದ್ದಳು. ಡೈರೆಕ್ಟರು ಎಲ್ಲಿಗೋ ಓಡಲು ಚಪ್ಪಲಿ ಮೆಟ್ಟುತ್ತಿದ್ದರು.

“ಕೊಟ್ಟೆ,” ಎಂದರು ಮಾವ. “ಯಾಕೆ ಬಿಡ್ತಿದ್ದಾರೆ ಅಂತ ಮ್ಯಾನೇಜರು ಕೇಳಿದರು. ನಮ್ಮ ಅಳಿಯಂದಿರನ್ನ ಒಬ್ಬ ದೊಡ್ಡ ಡಿಸ್ಟ್ರಿಬ್ಯೂಟರು ಹಿಡಿದು ಹಾಕ್ಕೊಂಡಿದ್ದಾರೆ, ಬಿಡೋ ಹಾಗೆ ಕಾಣಲ್ಲ ಅಂದೆ.”

“ಅದಕ್ಕೆ ಏನಂದ್ರು?” ಎಂದರು ಡೈರೆಕ್ಟರು.

ಮಾವ ಕೋಟು ಕಳಚಿ ಕುರ್ಚಿಯ ಬೆನ್ನಿಗೆ ಹಾಕಿದರು. “ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದರು. ಆಮೇಲೆ ಮೆಲ್ಲಗೆ, ಅಲ್ಲಿ ನನಗೂ ಒಂದು ಜಾಗ ಸಿಕ್ಕೀತಾ ಅಂತ ಕೇಳಿದರು.”

ಹೆಂಡತಿ ಪಟ್ಟಿಯಿಂದ ಕಣ್ಣೆತ್ತಲಿಲ್ಲ. “ಬೈಸಿಕೊಂಡು ಅಭ್ಯಾಸ ಇದೆಯಾ ಕೇಳಿ,” ಎಂದಳು.